ಕೆನೋಲಾ ಹೊಲದ ಚರಗ

ಹೋದ ವಾರ ನಮ್ಮ ಹಿತ್ತಲಿನಲ್ಲಿ ಎಲೆಕೋಸು ಕೊಳೆಯಿತು. ನೆಟ್ಟವಳು ನಾನೇ. ಮಳೆ ಹಿಡಿದುಕೊಂಡು ಕೀಳಲು ಆಗಿರಲಿಲ್ಲ, ಗಡ್ಡೆಗಳು ಒಳಗಿಂದ ಕರಗಿ ನೀರಾಗಿದ್ದವು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಕಿಟಕಿಯಿಂದ ಗಾಳಿ ತಿರುಗಿತು. ಮಗಳು ಮೂಗು ಮುಚ್ಚಿಕೊಂಡು, "ಮಮ್, ವಾಟ್ ಈಸ್ ದಟ್ ಸ್ಮೆಲ್?" ಎಂದಳು. ನಾನು ಕನ್ನಡದಲ್ಲಿ ಬೈದರೆ ಅವಳಿಗೆ ಒಂದಕ್ಷರ ಬಿಡದೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಕೋಸು ಕೊಳತೈತವ್ವಾ, ಸುಮ್ನ ಉಣ್ಣು" ಎನ್ನುವಷ್ಟರಲ್ಲಿ ನನ್ನ ಗಂಡ ಶಿವು ತಟ್ಟೆ ಬಿಟ್ಟು ಎದ್ದಿದ್ದ. ಎಂಜಲು ಕೈಯಲ್ಲೇ ಹೊರಗೆ ಹೋಗಿ, ಗುದ್ದಲಿ ತೆಗೆದುಕೊಂಡು, ಒಂದೊಂದೇ ಗಡ್ಡೆಯನ್ನು ಆಳಕ್ಕೆ ಹೂಳಿ, ಮೇಲೆ ಮಣ್ಣೆಳೆದು ತುಳಿದ. ಆಮೇಲೆ ಕೈ ತೊಳೆದು ಬಂದು ಆರಿದ ಅನ್ನ ಉಂಡ.

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಈ ರೊಟೊಟೂನ ಬಡಾವಣೆಗೆ ಬಂದು ಇಷ್ಟು ವರ್ಷವಾದರೂ ಅವನು ಮಣ್ಣು ಮುಟ್ಟಿದ್ದು ನಾನು ನೋಡಿರಲಿಲ್ಲ. ಅಕ್ಕಪಕ್ಕದ ನಮ್ಮವರೆಲ್ಲ ಕರಿಬೇವು, ಮೆಂತ್ಯ, ಹೀರೇಕಾಯಿ ಎಂದು ಬಡಿದಾಡುತ್ತಾರೆ. ಇವನು ಹಾಲಿನ ಯಂತ್ರ ಮಾಡುವ ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬರುತ್ತಾನೆ, ಹುಲ್ಲು ಕತ್ತರಿಸಲು ದುಡ್ಡು ಕೊಟ್ಟು ಆಳು ಕರೆಸುತ್ತಾನೆ. ನಮ್ಮ ಅಡುಗೆಮನೆಗೆ ಕೆನೋಲಾ ಎಣ್ಣೆ ಬರುವುದಿಲ್ಲ. ಗೆಳತಿಯರು, "ಹಾರ್ಟಿಗೆ ಒಳ್ಳೇದು ಕಣೇ" ಎಂದರೆ ನಾನು, "ನಮ್ಮ ಹಾರ್ಟಿಗಲ್ಲ" ಎಂದು ಬಾಯಿ ಮುಚ್ಚಿಸುತ್ತೇನೆ. ನನ್ನ ಬಾಯಿ ಮೊದಲಿನಿಂದಲೂ ಜೋರು.

ಹಿಮ ಬಿದ್ದು ಕರಗಿದ ಮೇಲೆ ಹೊಲದಲ್ಲಿ ಕೊಯ್ದು ಹಾಕಿದ ಕೆನೋಲಾ ಕೊಳೆಯಲು ಹತ್ತಿದರೆ ಇದೇ ವಾಸನೆ ಬರುತ್ತದೆ. ಕೋಸು, ಸಾಸಿವೆ, ಕೆನೋಲಾ ಎಲ್ಲ ಒಂದೇ ಕುಲ. ಆ ವಾಸನೆಯನ್ನು ನಾವಿಬ್ಬರೂ ಕುಡಿದದ್ದು ಒಂದೇ ಒಂದು ಸುಗ್ಗಿಯಲ್ಲಿ, ದಕ್ಷಿಣ ದ್ವೀಪದ ತುದಿಯ ಸೌತ್‌ಲ್ಯಾಂಡಿನಲ್ಲಿ. ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ಆಗ ನನಗೆ ಮದುವೆಯಾಗಿ ಇನ್ನೂ ಹೊಸತು.

ಶಿವು ನ್ಯೂಜಿಲೆಂಡಿಗೆ ಕೃಷಿ ಓದಲು ಬಂದವನು. ನವಲಗುಂದದ ಕಡೆಯ ಎರೆ ಹೊಲದ ಹುಡುಗ. ಜೊತೆಗೆ ಬಂದವರು ಓದಿದ್ದು ಒಂದು, ಹಿಡಿದ ಕೆಲಸ ಇನ್ನೊಂದು. ಅವನ ಫ್ಲ್ಯಾಟ್‌ಮೇಟ್ ಆಗಿದ್ದ ಅಣ್ಣಿಗೇರಿಯ ಇಮ್ತಿಯಾಜ್ ಇನ್ವರ್ಕಾರ್ಗಿಲ್ ಪೇಟೆಯಲ್ಲಿ ಲೆಕ್ಕಪತ್ರದ ಆಫೀಸು ಸೇರಿಕೊಂಡ. ಶಿವು ಒಬ್ಬನೇ ಹಟಕ್ಕೆ ಬಿದ್ದು ಬೆಟ್ಟದ ಬುಡದಲ್ಲಿ ಕೆನ್ ಎಂಬ ಮುದುಕನ ಫಾರ್ಮಿಗೆ ಕೆಲಸಕ್ಕೆ ನಿಂತ. ಕೆನ್ ವಿಧುರ, ಮಕ್ಕಳಿಲ್ಲದವನು. ಸೊಂಟದ ಆಪರೇಷನ್ ಆಗಿ ಯಂತ್ರದ ಏಣಿ ಹತ್ತಲಾಗದೆ ಯೂಟ್ ಎಂಬ, ಹಿಂಭಾಗ ತೆರೆದ ಗಾಡಿಯಲ್ಲಿ ಕೂತೇ ಹೊಲ ಸುತ್ತುತ್ತಿದ್ದ. ನಾವು ಅವನ ಹಳೇ ಕಾಟೇಜಿನಲ್ಲಿ ಇದ್ದೆವು. ನಾನು ಹತ್ತಿರದ ಸಣ್ಣ ಪಟ್ಟಣದ ವೃದ್ಧಾಶ್ರಮದಲ್ಲಿ ಅಜ್ಜಿಯರಿಗೆ ಸ್ನಾನ ಮಾಡಿಸಿ, ತಲೆ ಬಾಚಿ ಬರುತ್ತಿದ್ದೆ.

ಆ ವರ್ಷ ಕೆನ್ ಶಿವುವಿಗೆ, "ಬೆಟ್ಟಕ್ಕೆ ಹತ್ತಿದ ಮೇಲಿನ ಪ್ಯಾಡಕ್ ನಿನ್ನದು. ಏನು ಬೇಕೋ ಬಿತ್ತು. ಬೆಳೆದು ತೋರಿಸು, ಮುಂದೆ ಇಡೀ ಫಾರ್ಮ್ ನಿನ್ನ ಕೈಗೆ ಕೊಡುವ ಮಾತಾಡೋಣ" ಎಂದ. ಶಿವು ಆ ದಿನ ಮನೆಗೆ ಬಂದದ್ದು ನಡೆದುಕೊಂಡೋ ಹಾರಿಕೊಂಡೋ ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಬೂಟು ಬಿಚ್ಚುವುದನ್ನೂ ಮರೆತು, ಕೆಸರು ತುಳಿದ ಕಾಲಲ್ಲೇ ಅಡುಗೆಮನೆಗೆ ನುಗ್ಗಿ, "ರೇಣೀ, ನಂದೊಂದು ಹೊಲ ಆತಲೇ!" ಎಂದು ನನ್ನ ಕೈಯೊಳಗಿನ ಸೌಟು ಕಸಿದುಕೊಂಡ. ಒರೆಸಿದ ನೆಲವನ್ನು ಮತ್ತೆ ಒರೆಸಿದವಳು ನಾನು. ಆದರೂ ಬೈಯಲಿಲ್ಲ.

ಇಲ್ಲಿ ಋತುಗಳು ತಿರುಗುಮುರುಗು, ವಸಂತ ಬರುವುದು ಸೆಪ್ಟೆಂಬರಿಗೆ. ಆ ವಸಂತದಲ್ಲಿ ಮಳೆ ಬಿಡಲಿಲ್ಲ, ಹೊಲ ಹದಕ್ಕೆ ಬರಲಿಲ್ಲ, ಬಿತ್ತನೆ ತಡವಾಯಿತು. ಕೆನ್ ತಲೆ ಅಲ್ಲಾಡಿಸಿ, "ಟೂ ಲೇಟ್, ಮೇಟ್" ಎಂದ. ಶಿವು ಕೇಳಲಿಲ್ಲ, ಕೆನೋಲಾ ಬಿತ್ತಿಯೇ ಬಿಟ್ಟ. ಅದೇ ಹೊತ್ತಿಗೆ ನನಗೆ ಮುಟ್ಟು ನಿಂತಿತು. ಬೀಜ ಮೊಳೆತು ಎಲೆ ಕಂಡ ವಾರ ನಾನು ವಾಂತಿ ಮಾಡಿಕೊಳ್ಳತೊಡಗಿದೆ. ಶಿವು ಬೆಳಿಗ್ಗೆ ಹೊಲ ನೋಡಿ ಬಂದು ನನ್ನನ್ನು ನೋಡುತ್ತಿದ್ದ, ನನ್ನನ್ನು ನೋಡಿ ಹೋಗಿ ಹೊಲ ನೋಡುತ್ತಿದ್ದ. "ನಾನೇನು ನಿನ್ನ ಬೆಳಿ ಏನು, ದಿನಾ ಎತ್ತರ ಅಳಿಯಾಕ?" ಎಂದು ರೇಗಿದರೆ ಹಲ್ಲು ಕಿರಿಯುತ್ತಿದ್ದ.

ಜನವರಿಯ ಮೊದಲಲ್ಲಿ ಹೊಲ ಪೂರಾ ಹಳದಿಯಾಯಿತು. ಎಳ್ಳ ಅಮಾವಾಸ್ಯೆಯೂ ಆಗಲೇ ಬಂತು. ನಮ್ಮ ಧಾರವಾಡ, ಗದಗ ಸೀಮೆಯಲ್ಲಿ ಅವತ್ತು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬೆಳೆ ಹೊತ್ತ ಭೂಮಿ ಬಸುರಿ ಹೆಂಗಸು, ಆಕೆಗೆ ಬಯಕೆಯ ಊಟ ಹಾಕಬೇಕು ಎಂಬುದು ಲೆಕ್ಕ. ಮುಂದೆ ಹೋಗುವವನು ಅನ್ನ, ರೊಟ್ಟಿ, ಪಲ್ಯ ಬೆರೆಸಿದ್ದನ್ನು ಬೆಳೆಯ ಮೇಲೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ. ಹಿಂದಿನಿಂದ ನೀರು ಚಿಮುಕಿಸುತ್ತ ಬರುವವನು "ಚಲ್ಲಾಂಬರಿಗೋ" ಎಂದು ಓಗೊಡಬೇಕು. ಓಗೊಡದಿದ್ದರೆ ಚರಗ ಮುಟ್ಟುವುದಿಲ್ಲ. ಹೊಲ ಸುತ್ತಿ ಬಂದ ಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣಬೇಕು, ಬುತ್ತಿಯನ್ನು ಮನೆಗೆ ಹೊರಳಿಸಿ ತರುವಂತಿಲ್ಲ.

ನಾನು ಆಕ್ಲೆಂಡಿನಿಂದ ಸಜ್ಜೆ ಹಿಟ್ಟು ತರಿಸಿ ರೊಟ್ಟಿ ಬಡಿದೆ. ಶೇಂಗಾ ಹೋಳಿಗೆ, ಎಣಗಾಯಿ, ಬಾನ ಎಲ್ಲ ಮಾಡಿದೆ. ಇನ್ವರ್ಕಾರ್ಗಿಲ್‌ನಿಂದ ಇಮ್ತಿಯಾಜ್ ಬಂದ. "ನಮ್ಮ ಮನ್ಯಾಗೂ ಚೆಲ್ತಾರ ವೈನಿ. ನಮ್ಮಪ್ಪ ನಮಾಜ್ ಮುಗಿಸಿ ಹೊಲಕ್ಕ ಹೊಂಟ್ರ ಹುಲ್ಲುಲ್ಲಿಗೋ ಅನ್ನೋ ದನಿ ಮೂರು ಹೊಲಕ್ಕ ಕೇಳಸ್ತಿತ್ತು" ಎಂದು ತಾನೇ ನೀರಿನ ಚೆಂಬು ಹಿಡಿದ. ಅವನ ಕಾರಿನಲ್ಲೇ ಸರೋಜಾ ಆಂಟಿಯೂ ಬಂದರು. ಮೈಸೂರಿನವರು, ಇಂಜಿನಿಯರ್ ಮಗನ ಜೊತೆ ಇನ್ವರ್ಕಾರ್ಗಿಲ್‌ನಲ್ಲಿ ಇದ್ದವರು, ನನ್ನನ್ನು ಮಗಳಂತೆ ನೋಡಿದವರು. ಒಂದು ಡಬ್ಬಿ ಪುಳಿಯೋಗರೆ ತಂದಿದ್ದರು. "ನಮ್ಕಡೆ ಇದೆಲ್ಲ ಇಲ್ಲಮ್ಮ. ಆದ್ರೂ ಬಸುರಿ ಊಟ ಅಂದ್ಮೇಲೆ ಬರದೆ ಇರಕ್ಕಾಗತ್ತಾ?" ಎಂದರು.

ಪಾಂಡವರೆಂದು ಐದು ಕಲ್ಲು ಇಟ್ಟು, ಸುಣ್ಣ ಬಳಿದು ಪೂಜೆ ಮಾಡುವುದು ಪದ್ಧತಿ, ಅದಕ್ಕೆ ಸುಣ್ಣ ಬೇಕಿತ್ತು. ಕೆನ್ ತನ್ನ ಶೆಡ್ಡಿನಿಂದ ಹೊಲಕ್ಕೆ ಹಾಕುವ ಸುಣ್ಣವನ್ನೇ ಒಂದು ಬಕೆಟ್ ತಂದು, "ಇಷ್ಟು ಸಾಕಾ?" ಎಂದ. ಐವರು ಪಾಂಡವರಿಗಲ್ಲ, ಇಡೀ ಕುರುಕ್ಷೇತ್ರಕ್ಕೇ ಬಳಿಯಬಹುದಿತ್ತು. ಹೊಲಕ್ಕೆ ಅನ್ನ ಯಾಕೆ ಹಾಕುತ್ತೀರಿ, ಇಲಿ ಬರುವುದಿಲ್ಲವೇ ಎಂದು ಅವನಿಗೆ ಚಿಂತೆ. ಶಿವು ಬಿಡಿಸಿ ಹೇಳಿದ. ಬೆಳೆ ಈಗ ಬಸುರಿ, ಅದಕ್ಕೂ ಆಸೆಗಳಿರುತ್ತವೆ ಎಂದ. ಕೆನ್ ನನ್ನ ಹೊಟ್ಟೆ ನೋಡಿದ, ಹೊಲ ನೋಡಿದ, ಟೋಪಿ ತೆಗೆದು ಇಬ್ಬರಿಗೂ ಬೇರೆಬೇರೆಯಾಗಿ ಕಂಗ್ರಾಜುಲೇಷನ್ಸ್ ಹೇಳಿದ.

ಶಿವು ಕೂಗಿದ. ಇಮ್ತಿಯಾಜ್ ಓಗೊಟ್ಟ. ಸೊಂಟದವರೆಗಿನ ಹಳದಿಯಲ್ಲಿ ಇಬ್ಬರ ಅರ್ಧ ಮೈ ಮಾತ್ರ ಕಾಣುತ್ತಿತ್ತು, ಬೇಲಿಯಾಚೆ ಕುರಿಗಳು ಮೇಯುವುದು ಬಿಟ್ಟು ನೋಡುತ್ತಿದ್ದವು. ಹೊಲದೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ, ಗೇಟಿನ ಬಳಿಯ ದಿಬ್ಬದ ಮೇಲೆ ನಿಂತು ನಾನು ಫೋನಿನಲ್ಲಿ ಊರಿನ ಅವ್ವನಿಗೆ ವಿಡಿಯೋ ತೋರಿಸುತ್ತಿದ್ದೆ. ಅವ್ವ ಅಲ್ಲಿಂದಲೇ ಕೈ ಎತ್ತಿ, "ಹೊಲಾನೂ ಬಸರಿ, ನೀನೂ ಬಸರಿ. ಇಬ್ಬರೂ ಕೂಡೇ ಹಗುರಾಗ್ರಿ ಯವ್ವಾ, ಸುಸೂತ್ರ ಹಗುರಾಗ್ರಿ" ಎಂದು ಹರಸಿದಳು.

"ಏ ಅವ್ವಾ, ಹೊಲದ್ದು ಮಾರ್ಚ್‌ನ್ಯಾಗ, ನಂದು ಜುಲೈಕ್ಕ. ಕೂಡೇ ಹೆಂಗ ಹಗುರಾಗೂದು?" ಎಂದು ನಾನು ನಕ್ಕೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ಹೊಲ ಸುತ್ತಿ ಬಂದಿದ್ದ ಶಿವು ಮಾತ್ರ ನಗದೆ, ಎರಡೂ ಕೈ ಜೋಡಿಸಿ ಫೋನಿಗೆ ನಮಸ್ಕಾರ ಮಾಡಿದ. ಅವನು ಅಂಥವನೇ, ಹಿರಿಯರು ಆಡಿದ ಮಾತೆಂದರೆ ಕೊಡದಲ್ಲಿ ತುಂಬಿಟ್ಟುಕೊಳ್ಳುವವನು.

ಫೆಬ್ರವರಿ ಕಳೆಯಿತು. ಹೂ ಉದುರಿ ಸಣ್ಣ ಕಾಯಿಗಳು ಬಲಿತವು. ಕೆನೋಲಾದ ಕಾಯಿ ಪೂರಾ ಒಣಗುವವರೆಗೆ ಬಿಟ್ಟರೆ ಸಿಡಿದು ಬೀಜವೆಲ್ಲ ನೆಲಕ್ಕೆ ಹೋಗುತ್ತದೆ. ಅದಕ್ಕೇ ಅರೆಹಸಿರು ಇರುವಾಗಲೇ ಕೊಯ್ದು, ಉದ್ದ ಸಾಲುಗಳಾಗಿ ಹೊಲದಲ್ಲೇ ಮಲಗಿಸಿ, ಆರಿದ ಮೇಲೆ ಹೆಡರ್ ಎಂದು ಇಲ್ಲಿಯವರು ಕರೆಯುವ ದೊಡ್ಡ ಯಂತ್ರ ಓಡಿಸಿ ಕಾಳು ಬಿಡಿಸುತ್ತಾರೆ. ಮಾರ್ಚ್ ಕೊನೆಯಲ್ಲಿ ಶಿವು ಕೊಯ್ದು ಸಾಲು ಹಾಕಿದ. ನನಗಾಗ ಆರನೇ ತಿಂಗಳು. ಒಳಗೆ ಕೂಸು ಹೊರಳಿದರೆ ಶಿವುವಿನ ಕೈ ತಂದು ಇಡುತ್ತಿದ್ದೆ. ಅವನ ಕೈಗೆ ಹಸಿ ಕಾಂಡದ ಘಾಟು ಇರುತ್ತಿತ್ತು.

ಸಾಲು ಹಾಕಿದ ವಾರವೇ ಹಿಮ ಬಿತ್ತು.

ಅಷ್ಟು ಮುಂಚೆ ಹಿಮ ಬಿದ್ದದ್ದು ಕೆನ್‌ಗೂ ನೆನಪಿರಲಿಲ್ಲ. ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಬೆಟ್ಟವೂ ಇಲ್ಲ, ಬೇಲಿಯೂ ಇಲ್ಲ. ನಾನು ಜೀವನದಲ್ಲಿ ಮೊದಲ ಸಲ ಹಿಮ ನೋಡಿದ್ದು ಅವತ್ತೇ. ಚೆಂದ ಎನ್ನಲು ಬಾಯಿ ತೆರೆದವಳು ಶಿವುವಿನ ಮುಖ ನೋಡಿ ಮುಚ್ಚಿಕೊಂಡೆ. ಅವನು ಸ್ವೆಟರ್ ಕೂಡ ಹಾಕಿಕೊಳ್ಳದೆ ಓಡಿದ. ವಾರಾಂತ್ಯಕ್ಕೆಂದು ಬಂದು ನಮ್ಮ ಮನೆಯಲ್ಲೇ ಮಲಗಿದ್ದ ಇಮ್ತಿಯಾಜ್‌ನೂ ಅವನ ಹಿಂದೆ ಓಡಿದ. ಹೋಗುವಾಗ ನನ್ನ ಮನೆಯ ಎರಡು ಕಸಬರಿಗೆಗಳನ್ನೂ ಒಯ್ದರು.

ನಮ್ಮ ಊರಲ್ಲಿ ಕೊಯ್ದಿಟ್ಟ ಸಿವುಡಿನ ಮೇಲೆ ಅಡ್ಡಮಳೆ ಬಿದ್ದರೆ ಏನು ಮಾಡುತ್ತಾರೆ? ಮನೆಮಂದಿಯೆಲ್ಲ ಓಡಿ, ಎತ್ತಿ, ಕೊಡವಿ, ಮಗ್ಗುಲು ತಿರುಗಿಸಿ ಹಾಕುತ್ತಾರೆ. ಇವರೂ ಅದನ್ನೇ ಮಾಡಿದರು. ಮೇಲಿನ ಹಿಮ ಗುಡಿಸಿ, ಹುಲ್ಲೆತ್ತುವ ಫೋರ್ಕಿನಿಂದ ಸಾಲನ್ನು ಎತ್ತಿ ಕೊಡವಿದರು. ನಾನು ಶಾಲು ಹೊದ್ದು ಗೇಟಿನ ತನಕ ಹೋದೆ. ಒಂದೊಂದು ಸಲ ಕೊಡವಿದಾಗಲೂ ಒಣಗಿದ ಮೇಲ್ಗಾಯಿಗಳು ಬಾಯಿ ಬಿಟ್ಟು, ಬಿಳೀ ಹಿಮದ ಮೇಲೆ ಕರೀ ಕಾಳು ಉದುರುತ್ತಿತ್ತು. ಇಬ್ಬರಿಗೂ ಅವಸರದಲ್ಲಿ ಅದು ಕಾಣಲಿಲ್ಲ. ಕೆನ್ ಯೂಟಿನ ಹಾರನ್ ಒತ್ತಿ ಹಿಡಿದುಕೊಂಡೇ ಬಂದ. ಕಿಟಕಿ ಇಳಿಸಿ, "ಸ್ಟಾಪ್! ಮುಟ್ಟಬೇಡ, ಬಿಟ್ಟುಬಿಡು!" ಎಂದು ಕಿರುಚಿದ. ಅಷ್ಟು ಮೆತ್ತನೆ ಮನುಷ್ಯ ಕಿರುಚಿದ್ದು ಅದೊಂದೇ ಸಲ. ಆಮೇಲೆ ದನಿ ಇಳಿಸಿ, ಹಿಮ ತಾನೇ ಕರಗಬೇಕು, ಗಾಳಿ ತಾನೇ ಒಣಗಿಸಬೇಕು, ಈಗ ಕಾಯುವುದೇ ಕೆಲಸ ಎಂದ.

ಶಿವು ಬಗ್ಗಿ ಹಿಮದ ಮೇಲಿನ ಕಾಳನ್ನು ಬೆರಳಲ್ಲಿ ಆರಿಸತೊಡಗಿದ. ಇಮ್ತಿಯಾಜ್ ಅವನ ರಟ್ಟೆ ಹಿಡಿದು, "ಬಿಡಲೇ, ಸಾಸಿವಿ ಆರಿಸ್ದಂಗ ಆರಸ್ತೀಯಲ್ಲ, ಹುಚ್ಚ" ಎಂದು ಎಬ್ಬಿಸಿದ. ಎದ್ದು ಬಂದವನು ಗೇಟಿನ ಬಳಿ ನನ್ನನ್ನು ನೋಡಿ, "ನೀ ಯಾಕ ಬಂದಿ ಈ ಥಂಡ್ಯಾಗ? ನಿನಗೇನರ ಆದ್ರ?" ಎಂದು ಗದರಿದ. ಅವನ ತುಟಿ ನಡುಗುತ್ತಿತ್ತು. ಚಳಿಗೆ ಎಂದುಕೊಂಡೆ.

ಹಿಮ ಕರಗಿತು. ಅದರ ಹಿಂದೆಯೇ ಜಡಿ ಮಳೆ. ಸಾಲುಗಳು ನೆಲಕ್ಕೆ ಅಂಟಿಕೊಂಡವು, ಅಡಿಯಲ್ಲಿ ಹಬೆ ಆಡತೊಡಗಿತು, ಕೊಳೆತ ಕೋಸಿನ ವಾಸನೆ ಕಾಟೇಜಿನ ಒಳಗೂ ಬಂದು ಹಾಸಿಗೆ ಬಟ್ಟೆಗೆಲ್ಲ ಹತ್ತಿತು. ಶಿವು ಊಟ ಬಿಟ್ಟ. ಹೊಲಕ್ಕೆ ಹೋಗಿ ಬರುವುದು, ನನ್ನ ಮುಂದೆ ಬಂದು, "ಹೊಟ್ಟಿ ನೋವು ಏನೂ ಇಲ್ಲಲ್ಲ?" ಎಂದು ಕೇಳುವುದು. ದಿನಕ್ಕೆ ಎಷ್ಟು ಸಲ ಕೇಳಿದರೆ ತಡೆದುಕೊಳ್ಳಬೇಕು? "ನಿನ್ನ ಹೊಲ ಕೊಳತೈತಿ ಅಂತ ನನ್ನ ಜೀವ ತಿನ್ನಬ್ಯಾಡ ಮಾರಾಯಾ. ನನಗೇನಾಗೇತಿ, ಗುಂಡಕಲ್ಲಿನಂಗ ಅದೀನಿ" ಎಂದು ಹರಿಹಾಯ್ದೆ.

ಅದಾದ ಮೂರನೇ ಬೆಳಿಗ್ಗೆ ನನಗೆ ನೋವು ಬಂತು, ರಕ್ತವೂ ಕಂಡಿತು.

ಶಿವು ಯೂಟಿನಲ್ಲಿ ಕೂರಿಸಿಕೊಂಡು ಇನ್ವರ್ಕಾರ್ಗಿಲ್‌ನ ದೊಡ್ಡಾಸ್ಪತ್ರೆಗೆ ಹೊಡೆದ. ದಾರಿಯುದ್ದಕ್ಕೂ ಒಂದು ಕೈ ಸ್ಟಿಯರಿಂಗಿನ ಮೇಲೆ, ಒಂದು ಕೈ ನನ್ನ ಹೊಟ್ಟೆಯ ಮೇಲೆ. ಡಾಕ್ಟರಮ್ಮ ಒಳ್ಳೆಯವಳು. ಸೂಜಿ ಕೊಟ್ಟಳು, ನೋವು ತಗ್ಗಿತು, ಮಗುವಿನ ಎದೆಬಡಿತ ಕೇಳಿಸಿದಳು. "ಇದು ಇಲ್ಲಿಗೇ ನಿಂತರೂ ನಿಲ್ಲಬಹುದು. ಈಗ ನಾವು ಕಾಯಬೇಕು" ಎಂದಳು. ಅಲ್ಲೂ ಅದೇ ಮಾತು, ಕಾಯುವುದು. ಸುದ್ದಿ ತಿಳಿದು ಸರೋಜಾ ಆಂಟಿ ಫ್ಲಾಸ್ಕಿನಲ್ಲಿ ಗಂಜಿ ತಂದು ನನ್ನ ತಲೆ ಹತ್ತಿರ ಕೂತರು.

ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಆಚೆ ಮರಗಳು ತೂಗತೊಡಗಿದವು. ಬಿಸಿಗಾಳಿ. ನಾರ್‌ವೆಸ್ಟರ್ ಎಂದು ಇಲ್ಲಿ ಹೆಸರಾದ, ಬೆಟ್ಟ ದಾಟಿ ಬರುವ ಒಣಗಾಳಿ. ಶಿವುವಿಗೆ ಫೋನ್ ಬಂತು, ಕೆನ್‌ನದು. ಹೊಲದ ಕಡೆ ಬೆಳಗಿನಿಂದಲೇ ಬೀಸಿದ ಗಾಳಿಗೆ ಸಾಲು ಆರಿದೆ, ಕಾಳು ಹದಕ್ಕೆ ಬಂದಿದೆ, ಕತ್ತಲಾಗುವ ಹೊತ್ತಿಗೆ ದೊಡ್ಡ ಮಳೆ ಬರುತ್ತದೆ ಎಂದ. ತನಗೆ ಹೆಡರ್ ಹತ್ತಲಾಗದು, ಬೇರೆ ಯಾರೂ ಸಿಗುತ್ತಿಲ್ಲ ಎಂದ. ಕೊನೆಗೆ, "ನೀನು ಅಲ್ಲೇ ಇರು, ಹಾಳಾಗಿ ಹೋಗಲಿ ಬೆಳೆ" ಎಂದೂ ಹೇಳಿದ. ಅದು ನನಗೂ ಕೇಳಿಸಿತು.

ಶಿವು ಫೋನು ಇಟ್ಟು ನನ್ನನ್ನು ನೋಡಿದ. ನೋವು ನಿಂತಿತ್ತು. ಅವನ ಕಣ್ಣು ಕಿಟಕಿಗೂ ನನ್ನ ಹೊಟ್ಟೆಗೂ ಓಡಾಡುತ್ತಿತ್ತು.

"ಹೋಗು" ಎಂದೆ. "ನನಗೀಗ ಆರಾಮ ಐತಿ. ಆಂಟಿ ಅದಾರ. ಹೊಲ ನೋಡಿಕೊಂಡು ಬಾ."

ಹೆಂಗಸು ಹೋಗು ಎಂದರೆ ಹೋಗಬೇಡ ಎಂದು ತಿಳಿಯಬೇಕಲ್ಲವೇ? ನಾನು ಬಾಯಿಂದ ಹೋಗು ಎಂದೆ, ಅವನ ಅಂಗಿಯ ತುದಿ ಮಾತ್ರ ಬಿಟ್ಟಿರಲಿಲ್ಲ. ಅವನು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಹೊಟ್ಟೆಗೆ ಹಣೆ ಹಚ್ಚಿ, ಏನೋ ಗುಣುಗುಣಿಸಿ ಎದ್ದು ಓಡಿದ. ಕಾರಿಡಾರಿನ ಉದ್ದಕ್ಕೂ ಅವನ ಬೂಟಿನ ಸದ್ದು ಕೇಳಿಸಿತು. ಸರೋಜಾ ಆಂಟಿ, "ಗಂಡಸ್ರು ಇಷ್ಟೇ ಕಣಮ್ಮ" ಎಂದು ನನ್ನ ಹೊದಿಕೆ ಸರಿ ಮಾಡಿದರು.

ಅವನು ಹೊಲ ಮುಟ್ಟಿದಾಗಲೇ ಇರಬೇಕು, ನೋವು ತಿರುಗಿ ಬಂತು. ಈ ಸಲ ಯಾವ ಸೂಜಿಗೂ ನಿಲ್ಲಲಿಲ್ಲ. ಆಂಟಿ ಶಿವುವಿಗೆ ಫೋನು ಮಾಡುತ್ತಲೇ ಇದ್ದರು. ಬೆಟ್ಟದ ಬುಡದ ಆ ಹೊಲಕ್ಕೆ ಸಿಗ್ನಲ್ ಇರಲಿಲ್ಲ. ಕೆನ್ ಟ್ರಕ್ಕಿನ ಜೊತೆ ನಿಂತಿದ್ದ, ಅವನಿಗೂ ಸಿಗಲಿಲ್ಲ. ಇಮ್ತಿಯಾಜ್ ಆ ದಿನ ಆಫೀಸಿನ ಕೆಲಸಕ್ಕೆ ಡನೀಡನ್‌ಗೆ ಹೋಗಿದ್ದ. ನಾನು ಹಡೆದೆ. ಹೆಣ್ಣು ಕೂಸು. ನನ್ನ ಅಂಗೈಯಿಂದ ಮೊಣಕೈವರೆಗಿನ ಉದ್ದವೂ ಇರಲಿಲ್ಲ. ಆದರೆ ಎಲ್ಲ ಇತ್ತು, ಉಗುರು, ಹುಬ್ಬು, ಶಿವುವಿನದೇ ಅಗಲ ಹಣೆ. ಡಾಕ್ಟರಮ್ಮ ಎಲ್ಲ ಮಾಡಿ ನೋಡಿದಳು. ಆಮೇಲೆ ವೈರುಗಳನ್ನು ತೆಗೆದು, ಕೂಸನ್ನು ನನ್ನ ಎದೆಯ ಮೇಲೆ ಮಲಗಿಸಿ, ತಾನೂ ಪಕ್ಕದಲ್ಲಿ ಕೂತಳು. ಕೂಸು ಉಸಿರಾಡುತ್ತಿತ್ತು. ಅಪ್ಪ ಬರಲಿ, ಬರುವ ತನಕ ತಡೆ ಯವ್ವಾ ಎಂದು ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದೆ. ಹೆಸರೇನು ಎಂದು ನರ್ಸ್ ಕೇಳಿದಾಗ, ಅಪ್ಪ ಬಂದು ಇಡುತ್ತಾನೆ ಎಂದೆ. ಕಿಟಕಿಯ ಬಿಸಿಲು ಗೋಡೆ ಹತ್ತಿ ಹೋಗುವ ಹೊತ್ತಿಗೆ ಕೂಸಿನ ಉಸಿರು ನಿಂತಿತು.

ಸಂಜೆ ಮಳೆಯ ಮೊದಲ ಹನಿಗಳು ಗಾಜಿಗೆ ಬೀಳುವಾಗ ಶಿವು ಬಂದ. ತಲೆ, ಹುಬ್ಬು, ಮೀಸೆಯೆಲ್ಲ ಧೂಳು. ಅವನು ಕೆಲಸದ ಜಾಕೆಟ್ಟಿನಲ್ಲೇ ಬಂದಿದ್ದ. ನಡೆದರೆ ಜೇಬಿನಿಂದ, ಪ್ಯಾಂಟಿನ ಮಡಿಕೆಯಿಂದ ಕರೀ ಕಾಳು ಆಸ್ಪತ್ರೆಯ ನೆಲಕ್ಕೆ ಉದುರುತ್ತಿತ್ತು. ಬಾಗಿಲಲ್ಲೇ ಮುಖ ತುಂಬ ನಗುತ್ತ, "ಹೊಲ ಪೂರಾ ಬಂತು, ರೇಣೀ! ಒಂದು ಸಾಲೂ ಬಿಡಲಿಲ್ಲ. ಇನ್ನ ಏನೂ ಚಿಂತಿ ಇಲ್ಲ!" ಎಂದ.

ಸರೋಜಾ ಆಂಟಿ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋದರು. ನಾನು ಎದೆಯ ಮೇಲಿನ ಬಟ್ಟೆ ಸರಿಸಿ ತೋರಿಸಿದೆ. ಶಿವು ನೋಡಿದ. ನಗು ಅವನ ಮುಖದಿಂದ ಇಳಿದುಹೋಗಲು ತುಂಬ ಹೊತ್ತು ಹಿಡಿಯಿತು. ಅದನ್ನು ನೋಡಿದ ಮೇಲೆ ನಾನು ಅವನ ಮುಖ ನೋಡಲಾರದೆ ಗೋಡೆಗೆ ತಿರುಗಿಕೊಂಡೆ.

ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಪಟ್ಟಣದ ಅಂಚಿನ ಚಿಕ್ಕ ಸ್ಮಶಾನದಲ್ಲಿ ಬೇಲಿಯ ಪಕ್ಕ ಜಾಗ ಸಿಕ್ಕಿತು. ಕೆನ್ ತನ್ನ ಶೆಡ್ಡಿನಲ್ಲಿದ್ದ ಒಳ್ಳೆಯ ಮರದಿಂದ ಪುಟ್ಟ ಪೆಟ್ಟಿಗೆ ಮಾಡಿ ತಂದ, ಒಳಗೆ ಕುರಿಯ ಉಣ್ಣೆ ಹಾಸಿದ್ದ. ಹಲಗೆಯ ಮೇಲೆ ಏನು ಬರೆಯಲಿ ಎಂದು ಕೇಳಿದ. ಹೆಸರಿಟ್ಟಿರಲಿಲ್ಲವಲ್ಲ, ನಾನು "ಕೂಸು" ಎಂದೆ. ಅವನು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕೆತ್ತಿದ. ಚಳಿ ಕೊರೆಯುತ್ತಿತ್ತು. ಶಿವು ಇದ್ದ ಒಂದೇ ಬೆಚ್ಚನೆಯ ಜಾಕೆಟ್ಟು, ಆ ಕೆಲಸದ್ದನ್ನೇ, ಹಾಕಿಕೊಂಡು ಮಂಡಿಯೂರಿ, ಗುಂಡಿಗೆ ಬಗ್ಗಿ ವಿಭೂತಿ ಇಟ್ಟ. ಗುದ್ದಲಿ ಮುಟ್ಟದೆ ಬೊಗಸೆಯಲ್ಲೇ ಮಣ್ಣೆಳೆದು, ಅಂಗೈಯಿಂದ ಸಮ ಮಾಡಿದ. ಇಮ್ತಿಯಾಜ್ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. ಶಿವು ಅಳಲಿಲ್ಲ. ಅದೂ ನನಗೆ ಸಿಟ್ಟು ತರಿಸಿತು.

ಅಡಿಯ ಕಾಂಡ ಕೊಳೆತಿದ್ದರೂ ಮೇಲಿನ ಕಾಳು ಚೆನ್ನಾಗಿ ಬಂದಿತ್ತಂತೆ. ಕೆನ್ ಮಾತು ಉಳಿಸಿಕೊಳ್ಳಲು ಬಂದು, ಫಾರ್ಮಿನ ವಿಷಯ ಎತ್ತಿದ. ಶಿವು ಕೇಳಿಸಿಕೊಂಡು, "ಸಾರಿ ಕೆನ್, ನನ್ನಿಂದ ಆಗಲ್ಲ" ಎಂದ. ಅಷ್ಟೇ. ಆ ಚಳಿಗಾಲ ನಾವಿಬ್ಬರೂ ಒಂದೇ ಸೂರಿನಡಿ ಮಾತಿಲ್ಲದೆ ಕಳೆದೆವು. ನಾನು ಅನ್ನ ಬಡಿಸುತ್ತಿದ್ದೆ, ಅವನು ಉಣ್ಣುತ್ತಿದ್ದ. ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಹೊಲ ಬಂತು, ಇನ್ನ ಏನೂ ಚಿಂತಿ ಇಲ್ಲ. ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೋದವನಿಗೆ ಹೊಲ ಬಂದರೆ ಚಿಂತೆಯಿಲ್ಲವೇ? ಇಂಥ ಗಂಡನ ಜೊತೆ ಏನು ಮಾತಾಡುವುದು? ಊರಿಗೆ ಹೋಗಿಬಿಡುತ್ತೇನೆ ಎಂದು ಅವ್ವನಿಗೂ ಹೇಳಿದ್ದೆ. ಅವ್ವ ಫೋನಿನಲ್ಲಿ ಬರೀ ಅಳುತ್ತಿದ್ದಳು. ಹೊಲಕ್ಕೂ ನನಗೂ ಕೂಡಿಸಿ ತಾನು ಹರಸಿದ ಮಾತನ್ನು ನೆನೆಸಿಕೊಂಡು ಅವಳು ಅಳುತ್ತಿದ್ದಾಳೆ ಎಂದು ನನಗೆ ಹೊಳೆಯಲೇ ಇಲ್ಲ.

ಅಕ್ಟೋಬರಿನಲ್ಲಿ ಶಿವುವಿಗೆ ಹ್ಯಾಮಿಲ್ಟನ್ನಿನ ಈ ಕೆಲಸ ಸಿಕ್ಕಿತು. ಅವನ ಜೊತೆ ಹೋಗುವುದೋ, ಊರಿನ ವಿಮಾನ ಹತ್ತುವುದೋ ಎಂದು ನಾನಿನ್ನೂ ಗಟ್ಟಿ ಮಾಡಿರಲಿಲ್ಲ. ಹೊರಡುವ ಹಿಂದಿನ ದಿನ ಕೂಸಿಗೆ ಹೇಳಿ ಬರೋಣವೆಂದು ಒಂದು ಡಬ್ಬಿ ಮೊಸರನ್ನ ಕಟ್ಟಿಕೊಂಡು ಹೋದೆವು. ಚಳಿಗಾಲವಿಡೀ ಇಬ್ಬರೂ ಆ ಕಡೆ ಹೋಗಿರಲಿಲ್ಲ, ನನಗೆ ಶಕ್ತಿ ಇರಲಿಲ್ಲ, ಅವನ ಕಾರಣ ನನಗೆ ಗೊತ್ತಿರಲಿಲ್ಲ.

ಗೇಟು ತೆರೆದಾಗಲೇ ಕಂಡಿತು. ಬೇಲಿಯ ಪಕ್ಕ, ಹಸಿರು ಹುಲ್ಲಿನ ನಡುವೆ, ಒಂದು ಮೊರದಷ್ಟು ಜಾಗದಲ್ಲಿ ಹಳದಿ ಹೂ. ಬೇರೆ ಎಲ್ಲೂ ಇಲ್ಲ, ಕೂಸಿನ ಮೇಲೆ ಮಾತ್ರ. ಯಾರೋ ಹೂ ಇಟ್ಟು ಹೋಗಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ ಕೆನೋಲಾ. ಮೊಣಕಾಲೆತ್ತರ ಬೆಳೆದು ಹೂ ಬಿಟ್ಟ ಕೆನೋಲಾ. ಅವತ್ತು ಬಗ್ಗಿ ಮಣ್ಣೆಳೆದವನ ಜೇಬಿನಿಂದ ಉದುರಿದ ಕಾಳು ಹಸಿಮಣ್ಣಿನಲ್ಲಿ ಸೇರಿ, ಹಿಮ ತಡೆದು, ಎದ್ದು ನಿಂತಿತ್ತು. ಹುಲ್ಲು ಕತ್ತರಿಸುವವರು ಸುತ್ತ ಕತ್ತರಿಸಿ ಅದನ್ನು ಹಾಗೇ ಬಿಟ್ಟಿದ್ದರು.

ಶಿವು ಅದರ ಮುಂದೆ ಕೂತುಬಿಟ್ಟ. ಅವನ ಗಂಟಲಿನಿಂದ ಬಂದ ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅತ್ತ, ಹುಲ್ಲು ಹಿಡಿದುಕೊಂಡು ಅತ್ತ.

"ಅವ್ವ ಅಂದಿದ್ಲು ರೇಣೀ" ಎಂದ. "ಇಬ್ಬರೂ ಕೂಡೇ ಹಗುರಾಗ್ರಿ ಅಂದಿದ್ಲು. ಹಿಮ ಬಿದ್ದು ಹೊಲ ಕೆಟ್ಟಾಗ ನಿನಗೂ ಕೆಡ್ತೈತಿ ಅಂತ ನನ್ನ ಜೀವ ಹಾರಿ ಹೋಗಿತ್ತು. ಕಸಬರಿಗಿ ತೊಗೊಂಡು ಓಡಿದ್ದು ಬೆಳಿಗಲ್ಲ. ಅವತ್ತು ಹೋಗಿದ್ದೂ ಬೆಳಿಗಲ್ಲ. ಹೊಲ ಸುಸೂತ್ರ ಬಂದ್ರ ನೀನೂ ಸುಸೂತ್ರ ಬರ್ತೀ, ಕೂಸು ಒಳಗ ನಿಲ್ತೈತಿ ಅಂತ ಹೋದೆ. ಒಂದು ಸಾಲೂ ಬಿಡದಂಗ ತಂದೆ. ಒಂದು ಸಾಲೂ ಬಿಡಲಿಲ್ಲ ರೇಣೀ."

ಇನ್ನ ಏನೂ ಚಿಂತಿ ಇಲ್ಲ ಎಂದು ಅವನು ಬಾಗಿಲಲ್ಲಿ ನಕ್ಕಿದ್ದು ನನಗಾಗಿ. ನಾನು ಅದನ್ನು ಒಂದು ಚಳಿಗಾಲ ಪೂರ್ತಿ ಎದೆಯಲ್ಲಿ ಮುಳ್ಳು ಮಾಡಿಕೊಂಡು ತಿರುಗಿದ್ದೆ. ಓದಿದವನು, ಯಂತ್ರ ಓಡಿಸುವವನು, ಇಂಥದ್ದನ್ನು ನಂಬಬಹುದೇ ಎಂದು ನೀವು ಕೇಳಬಹುದು. ನಮ್ಮ ಕಡೆಯವರು ನಂಬುತ್ತಾರೆ. ಹೊಲಕ್ಕೆ ಬಯಕೆಯ ಊಟ ಹಾಕಿದ ಮೇಲೆ ಅದು ಹೆಂಗಸೇ. ನನ್ನ ಹೊಟ್ಟೆಗೆ ಹಣೆ ಹಚ್ಚಿ ಅವನು ಗುಣುಗುಣಿಸಿದ್ದು ಏನೆಂದು ಆಗ ಕೇಳಿದೆ. "ನಾ ಹೊಲ ತರ್ತೀನಿ, ನೀ ತಡಿ ಅಂದಿದ್ದೆ ಕೂಸಿಗೆ" ಎಂದ. ಒಂದೇ ಮಧ್ಯಾಹ್ನ ನಾವಿಬ್ಬರೂ ಅದಕ್ಕೆ ಒಂದೇ ಮಾತು ಹೇಳಿದ್ದೆವು.

ಅವನು ಕಣ್ಣೊರೆಸಿಕೊಂಡು ಡಬ್ಬಿ ತೆರೆದ. ಮೊಸರನ್ನ ಒಂದು ತುತ್ತು ತೆಗೆದುಕೊಂಡು ಎದ್ದು ನಿಂತ. ಹಳದಿ ಹೂವಿನ ಮೇಲೆ ಚೆಲ್ಲಿದ. ಇನ್ನೊಂದು ತುತ್ತು ತೆಗೆದುಕೊಂಡ.

"ಹುಲ್ಲುಲ್ಲಿಗೋ" ಎಂದ.

ಅವತ್ತು ಓಗೊಟ್ಟಿದ್ದ ಇಮ್ತಿಯಾಜ್ ಇರಲಿಲ್ಲ. ಬೇಲಿಯಾಚೆ ಕುರಿಗಳಿದ್ದವು, ಗಾಳಿ ಇತ್ತು. ಶಿವು ಅನ್ನದ ಕೈ ಚಾಚಿಕೊಂಡು, ನನ್ನ ಕಡೆ ನೋಡದೆ, ನಿಂತೇ ಇದ್ದ. ನಾನು ಉತ್ತರ ಕೊಡದಿದ್ದರೆ ಅವನು ಅಲ್ಲೇ ನಿಂತಿರುತ್ತಿದ್ದ ಎಂದು ನನಗೆ ಗೊತ್ತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಅಂಗೈಗೆ ಸುರಿದುಕೊಂಡು, ಕೂಸಿನ ಮೇಲೆ ಚಿಮುಕಿಸಿದೆ.

"ಚಲ್ಲಾಂಬರಿಗೋ" ಎಂದೆ.

ಚರಗ ಚೆಲ್ಲಿದ ಮೇಲೆ ಬುತ್ತಿಯನ್ನು ಮನೆಗೆ ಹೊರಳಿಸಿ ತರುವಂತಿಲ್ಲ. ಇಬ್ಬರೂ ಅಲ್ಲೇ ಮಗಳ ಪಕ್ಕ ಕೂತು, ಒಂದೇ ಡಬ್ಬಿಯಲ್ಲಿ ಉಂಡೆವು.